ಅಣ್ಣನ ಬ್ಯಾಂಡಿನಲ್ಲಿ ದಾಕ್ಷಿಣ್ಯ

ನಾನು ಏಳು ವರ್ಷದಿಂದ ನೈರೋಬಿಯ ಒಂದು ಥಾಯ್ ರಾಕ್ ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದೇನೆ ಎಂದರೆ ಮೈಸೂರಿನ ನನ್ನ ಚಿಕ್ಕಮ್ಮ ಇವತ್ತಿಗೂ ನಂಬುವುದಿಲ್ಲ. ಫೋನಿನಲ್ಲಿ ಪ್ರತಿ ಸಲವೂ ಕೇಳುತ್ತಾರೆ, “ಅಲ್ವೇ, ಅಷ್ಟು ವರ್ಷ ಮೃದಂಗ ಕಲ್ತೋಳು ನೀನು, ಆ ಡಬ್ಬ ಯಾಕೆ ಬಡೀತೀಯ?” ಡಬ್ಬ ಅಲ್ಲ ಚಿಕ್ಕಮ್ಮ ಎಂದು ಹೇಳಿ ಹೇಳಿ ಸಾಕಾಗಿ ಈಗ “ಕೈ ಸುಮ್ನಿರಲ್ಲ, ಅದಕ್ಕೆ” ಅನ್ನುತ್ತೇನೆ. ಸುಳ್ಳೇನಲ್ಲ. ನನಗೆ ಕೈಯೂ ಸುಮ್ಮನಿರುವುದಿಲ್ಲ, ಬಾಯಿಯೂ ಸುಮ್ಮನಿರುವುದಿಲ್ಲ. ನನ್ನ ಕೋಪ ಮೂಗಿನ ತುದಿಯಲ್ಲೇ ಕೂತಿರುತ್ತದೆ ಎಂಬುದನ್ನು ನನ್ನ ಗಂಡ ಮದುವೆಯಾದ ಮೂರನೆಯ ದಿನವೇ ಕಂಡುಹಿಡಿದರು. ಅಂಥ ನಾನು ಎರಡು ವರ್ಷ ಒಂದು ಮಾತನ್ನು ಬಾಯಿಯಲ್ಲೇ ಇಟ್ಟುಕೊಂಡು ಕೂತಿದ್ದೆ. ಈಗ ಬರೆಯಬೇಕೆಂದಿರುವುದು ಅದನ್ನೇ.

ನನ್ನ ಕೆಲಸ ಎಂಬಕಸಿಯಲ್ಲಿ, ವಿಮಾನ ನಿಲ್ದಾಣದ ಪಕ್ಕದ ಒಂದು ಶೀತಲ ಗೋದಾಮಿನಲ್ಲಿ. ಹೂವು ಹೊರಗೆ ಹೋಗುತ್ತದೆ, ಔಷಧ ಒಳಗೆ ಬರುತ್ತದೆ; ಎರಡೂ ಕೆಡದ ಹಾಗೆ ನೋಡಿಕೊಳ್ಳುವುದು ನನ್ನ ಜವಾಬ್ದಾರಿ. ಒಂದು ಬೆಳಗ್ಗೆ ಬ್ಯಾಂಕಾಕ್‌ನಿಂದ ಬಂದ ಪೆಟ್ಟಿಗೆಯೊಂದರಲ್ಲಿ ಮೀನಿನ ಸಾಸಿನ ಬಾಟಲಿಗಳು ಒಡೆದು ಇಡೀ ಗೋದಾಮು ಗಬ್ಬೆದ್ದು ಹೋಯಿತು. ಸಾರು ಹುಳಿಯ ವಾಸನೆಯಲ್ಲಿ ಬೆಳೆದ ಮೂಗು ನನ್ನದು. ಪೆಟ್ಟಿಗೆಯ ಯಜಮಾನರು ಬಂದಾಗ ಸರಿಯಾಗಿ ಮಂಗಳಾರತಿ ಎತ್ತಿದೆ. ಅವರು ಸುಮಾರು ಅರವತ್ತರ ಕುಳ್ಳ ಮನುಷ್ಯ, ಮೈಮೇಲೆ ಅಡುಗೆಯವರ ಬಿಳಿ ಕೋಟು. ವಿಮಾನಗಳಿಗೆ ಊಟ ಕಟ್ಟಿ ಕಳಿಸುವ ದೊಡ್ಡ ಅಡುಗೆಮನೆಯೊಂದರ ಮುಖ್ಯ ಬಾಣಸಿಗ. ನಾನು ಬೈದದ್ದನ್ನೆಲ್ಲ ಕೈಜೋಡಿಸಿ ನಿಂತು ಕೇಳಿಸಿಕೊಂಡರು. ನಾನು ಉಸಿರು ತೆಗೆದುಕೊಳ್ಳಲು ನಿಲ್ಲಿಸಿದಾಗ ಕೇಳಿದರು, “ನೀವು ಬೈತಾ ಬೈತಾ ಪೆಟ್ಟಿಗೆ ಮೇಲೆ ಬೆರಳಲ್ಲಿ ತಾಳ ಹಾಕ್ತಿದ್ರಿ. ಅದು ಏಳರ ಎಣಿಕೆ ಅಲ್ವಾ? ನಮ್ಮ ಡ್ರಮ್ಮರಿಗೆ ಹೋದ ವಾರ ಟ್ರಾನ್ಸ್‌ಫರ್ ಆಯ್ತು. ಗುರುವಾರ ಸಂಜೆ ಬನ್ನಿ.” ಇಂಗ್ಲಿಷಿಗೆ ಸ್ವಾಹಿಲಿ ಬೆರೆಸಿ ನಡೆದ ಮಾತು ಅದು, ನಮ್ಮೆಲ್ಲ ಮಾತೂ ಹಾಗೆಯೇ ನಡೆಯುತ್ತದೆ, ನಾನು ಕನ್ನಡ ಮಾಡಿ ಬರೆಯುತ್ತಿದ್ದೇನೆ.

ಆಮೇಲೆ ತಿಳಿಯಿತು, ಈ ಮನುಷ್ಯ ಇಪ್ಪತ್ತರ ಹರೆಯದಲ್ಲಿ ತನ್ನ ದೇಶದ ಈಶಾನ್ಯದ ಊರೊಂದರಲ್ಲಿ ರಾಕ್ ಬ್ಯಾಂಡು ಕಟ್ಟಿದ್ದರು. ಟ್ರಕ್ಕಿನ ಬೆನ್ನನ್ನೇ ವೇದಿಕೆ ಮಾಡಿಕೊಂಡು ಹೆದ್ದಾರಿ ಪಕ್ಕದ ಬಯಲುಗಳಲ್ಲಿ ಹಾಡುತ್ತಿದ್ದರಂತೆ. ಒಂದು ಕ್ಯಾಸೆಟ್ಟೂ ಬಂದಿತ್ತಂತೆ. ನಂತರ ಒಬ್ಬ ಬೌದ್ಧ ಸನ್ಯಾಸಿಯಾದ, ಒಬ್ಬ ಅಕ್ಕಿ ಗಿರಣಿ ಸೇರಿದ, ಇವರು ಹೋಟೆಲಿನ ಅಡುಗೆಯವರಾಗಿ ನೈರೋಬಿಗೆ ಬಂದರು. ಬಂದ ಎರಡನೆಯ ವರ್ಷವೇ ಊರಿನಲ್ಲಿ ಸಿಕ್ಕ ಥಾಯ್ ಜನರನ್ನು ಸೇರಿಸಿ ಅದೇ ಬ್ಯಾಂಡನ್ನು ಅದೇ ಹೆಸರಿನಲ್ಲಿ ಮತ್ತೆ ಶುರು ಮಾಡಿದರು. ಇಲ್ಲಿಗೆ ಬರುವವರಲ್ಲಿ ಹೆಚ್ಚಿನವರು ಮೂರು ವರ್ಷಕ್ಕೊಮ್ಮೆ ಎತ್ತಂಗಡಿಯಾಗುವ ಜನ. ಹಾಗಾಗಿ ಆ ಬ್ಯಾಂಡಿನ ಚರಿತ್ರೆ ಎಂದರೆ ಬೀಳ್ಕೊಡುಗೆ ಊಟಗಳ ಚರಿತ್ರೆ. ನನಗಿಂತ ಮುಂಚೆ ನಾಲ್ಕು ಜನ ಡ್ರಮ್ಮರ್‌ಗಳು ಬಂದು ಹೋಗಿದ್ದರು. ಮೊದಲಿನಿಂದ ಹೋಗದೆ ಉಳಿದವರು ಅವರೊಬ್ಬರೇ.

ಅಭ್ಯಾಸ ನಡೆಯುತ್ತಿದ್ದುದು ಎಂಬಕಸಿಯ ಅವರ ಮನೆಯ ಕಾರ್ ಶೆಡ್ಡಿನಲ್ಲಿ. ಗಿಟಾರ್ ನುಡಿಸುವವನು ಹಸಿರು ಹರಳಿನ ವ್ಯಾಪಾರಿ, ತೂಕ ಮಾಡುವವರ ಹಾಗೆ ಒಂದೊಂದೇ ಮಾತು ಆಡುವವನು. ಕೀಬೋರ್ಡಿನವನು ಶಾಲೆಯೊಂದರ ಗಣಿತದ ಮೇಷ್ಟ್ರು. ಅವನ ಹೆಂಡತಿ ಬೇಸ್ ಗಿಟಾರ್ ನುಡಿಸುತ್ತಾಳೆ. ಯಾವುದೋ ಅಂತರರಾಷ್ಟ್ರೀಯ ಸಂಸ್ಥೆಯಲ್ಲಿ ಕೆಲಸ, ನಮ್ಮಲ್ಲಿ ಎಲ್ಲರಿಗಿಂತ ಚಿಕ್ಕವಳು, ನನಗೆ ಥಾಯ್ ಮಾತನ್ನು ಬಿಡಿಸಿ ಹೇಳುವವಳೂ ಅವಳೇ. ವಿಮಾನಗಳು ತಲೆಯ ಮೇಲೇ ಇಳಿಯುವ ಜಾಗ ಅದು. ವಿಮಾನ ಬಂದರೆ ಎಲ್ಲರೂ ಹಾಡನ್ನು ಅಲ್ಲಿಗೇ ಬಿಟ್ಟು ಸುಮ್ಮನೆ ನಿಲ್ಲುತ್ತಿದ್ದರು, ಸದ್ದು ಹೋದ ಮೇಲೆ ಅದೇ ಅಕ್ಷರದಿಂದ ಎತ್ತಿಕೊಳ್ಳುತ್ತಿದ್ದರು. ಆ ಖಾಲಿ ಹೊತ್ತಿನಲ್ಲಿ ಎಣಿಕೆ ತಪ್ಪದಂತೆ ಹಿಡಿದಿಡುವುದು ನನ್ನ ಕೆಲಸ.

ಮೊದಲ ದಿನ ನನಗೆ ಕಷ್ಟವಾದದ್ದು ಕಾಲಿನಿಂದ ಒದೆಯುವ ದೊಡ್ಡ ಡ್ರಮ್ಮು. ವಾದ್ಯಕ್ಕೆ ಕಾಲು ತಾಗಿದರೆ ಕಣ್ಣಿಗೊತ್ತಿಕೊಳ್ಳುವ ಅಭ್ಯಾಸ ಮೈಗೆ ಹತ್ತಿರುವಾಗ ಒದೆಯುವುದು ಹೇಗೆ? ಬಗ್ಗಿ ಅದನ್ನು ಮುಟ್ಟಿ ನಮಸ್ಕಾರ ಮಾಡಿ, ತಪ್ಪಾಯಿತು ಎಂದು ಮನಸ್ಸಿನಲ್ಲೇ ಹೇಳಿ ಕೂತೆ. ತಲೆಯೆತ್ತಿ ನೋಡಿದರೆ ನಾಲ್ವರೂ ತಮ್ಮ ತಮ್ಮ ವಾದ್ಯಕ್ಕೆ ಕೈಮುಗಿಯುತ್ತ ನಿಂತಿದ್ದರು, ಹಾಡುವವರು ಮೈಕಿಗೆ. ಗುರುವಾರ ಅವರಿಗೂ ಗುರುವಿನ ವಾರವೇ ಎಂದು ಬೇಸಿನ ಹುಡುಗಿ ಹೇಳಿದಳು. ನನಗೆ ಆ ಶೆಡ್ಡು ಅವತ್ತೇ ಹಿಡಿಸಿತು.

ಅವರೆಲ್ಲ ನಮ್ಮ ಹಾಡುಗಾರ ಬಾಣಸಿಗರನ್ನು ಹಿರಿಯಣ್ಣ ಎಂಬ ಅರ್ಥದ ಥಾಯ್ ಪದದಿಂದ ಕರೆಯುತ್ತಿದ್ದರು. ನಾನು ಸೀದಾ “ಅಣ್ಣ” ಅಂದೆ. ಅಣ್ಣ ಎಂದು ಕರೆಸಿಕೊಂಡವನು ತಿರುಗಿ ಏನನ್ನಬೇಕು ಎಂದು ಕೇಳಿ ಅವರು “ತಂಗಿ” ಕಲಿತರು. ಅಣ್ಣನ ಗಂಟಲು ಅಂದರೆ ಒಣ ಮೆಣಸಿನಕಾಯಿ ಹುರಿದ ಹಾಗೆ, ಮೊದಲು ಘಾಟು, ಆಮೇಲೆ ಬಿಡಲಾರದ ರುಚಿ. ಹೊಸವರ್ಷದ ಕೂಟ, ಮದುವೆ, ಹೋಟೆಲಿನ ಭಾನುವಾರದ ಊಟ, ಹೂವಿನ ಕಂಪನಿಯ ವಾರ್ಷಿಕೋತ್ಸವ, ಎಲ್ಲ ಕಡೆ ಹಾಡಿದೆವು. ಹೆಚ್ಚಾಗಿ ಬೇರೆಯವರ ಹಾಡೇ. ನಮ್ಮದು ಎನ್ನುವ ಹಾಡು ಒಂದಿತ್ತು, ಅಣ್ಣ ಬರೆದದ್ದು: ನೆಲದ ಮೇಲೆ ಬೇಯಿಸುವವನು ಆಕಾಶದಲ್ಲಿ ಉಣ್ಣುವವರನ್ನು ಕುರಿತು ಹಾಡುವ ಹಾಡು. ‘ನನ್ನ ಅನ್ನ ಕಂಡ ಮೋಡ ನಾನು ಕಂಡಿಲ್ಲ’ ಎಂದು ಅದರ ಒಂದು ಸಾಲಿನ ಅರ್ಥ. ಆ ಸಾಲಿನಲ್ಲಿ ದನಿ ಒಮ್ಮೆಗೇ ಮೇಲಕ್ಕೆ ಹಾರಬೇಕು. ಅಣ್ಣ ಹಾರುತ್ತಿದ್ದರು.

ಅದನ್ನು ನಗರದ ನಡುಭಾಗದ ಒಂದು ಮೂರನೆಯ ಮಹಡಿಯ ಸ್ಟುಡಿಯೋದಲ್ಲಿ ರೆಕಾರ್ಡ್ ಮಾಡಿಸಿದೆವು. ಕೇಳಿದವರು ಕಡಿಮೆ. ಆದರೆ ಬಹಳ ಕಾಲದ ಮೇಲೆ ಅದು ಹೇಗೋ ಒಂದು ಮಟಾಟುವಿನ, ಅಂದರೆ ಇಲ್ಲಿ ಜನ ಸಾಗಿಸುವ ಬಾಡಿಗೆ ವ್ಯಾನಿನ, ಚಾಲಕನ ಕೈಗೆ ಸಿಕ್ಕಿ, ಅವನ ವ್ಯಾನಿನ ಆ ಭಯಂಕರ ಸ್ಪೀಕರಿನಲ್ಲಿ ಎಂಬಕಸಿಯಿಂದ ಇಂಡಸ್ಟ್ರಿಯಲ್ ಏರಿಯಾದವರೆಗೆ ಕೆಲವು ವಾರ ದಿನಾ ಮೊಳಗಿತು. ಅರ್ಥ ಗೊತ್ತಿಲ್ಲದ ಜನ ಲಾರಿಗಳ ಜಾಮಿನಲ್ಲಿ ಕೂತು ತಲೆಯಾಡಿಸುತ್ತಿದ್ದರು. ನಮ್ಮ ಕೀರ್ತಿ ಅದಕ್ಕಿಂತ ಮೇಲೆ ಹೋಗಲಿಲ್ಲ. ನಾನಂತೂ ಕಾರು ಬಿಟ್ಟು ಎರಡು ದಿನ ಬೇಕೆಂದೇ ಆ ಮಟಾಟು ಹತ್ತಿದೆ.

ತೊಂದರೆ ಶುರುವಾದದ್ದೂ ಅಲ್ಲಿಯೇ. ಅದು ಒಂದು ಗುರುವಾರ. ರೆಕಾರ್ಡಾಗಿ ಆಗಲೇ ಮೂರು ವರ್ಷ ಕಳೆದಿತ್ತು. ಹಗಲು ಮಟಾಟುವಿನಲ್ಲಿ ಕೇಳಿದ ಹಾಡು ಕಿವಿಯಲ್ಲಿ ಹಸಿಯಾಗಿರುವಾಗಲೇ ಸಂಜೆ ಶೆಡ್ಡಿನಲ್ಲಿ ಅಣ್ಣ ಅದನ್ನೇ ಹಾಡಿದರು. ಆ ಸಾಲಿಗೆ ಬಂದಾಗ ದನಿ ಹಾರಿತು, ಆದರೆ ಮುಟ್ಟಬೇಕಾದಲ್ಲಿ ಮುಟ್ಟಲಿಲ್ಲ. ಕಮ್ಮಿ ಎಂದರೂ ಅರ್ಧ ಮನೆ ಕೆಳಗೆ. ಹಾರ್ಮೋನಿಯಂನ ಒಂದು ಪಟ್ಟಿಯಿಂದ ಪಕ್ಕದ ಪಟ್ಟಿಗೆ ಜಾರಿದಷ್ಟು. ಅಣ್ಣನ ಮುಖದಲ್ಲಿ ಮಾತ್ರ ಮುಟ್ಟಿದ ಸಂತೋಷವೇ ಇತ್ತು. ಅಂದರೆ ಗಂಟಲಲ್ಲ, ಕಿವಿ. ಒಂದು ಕಾಲದಲ್ಲಿ ಟ್ರಕ್ಕಿನ ಮೇಲಿನ ಸ್ಪೀಕರುಗಳು, ಆಮೇಲೆ ಇಷ್ಟು ವರ್ಷ ಅಡುಗೆಮನೆಯ ರಾಕ್ಷಸ ಫ್ಯಾನುಗಳು ಸೇರಿ ಅವರ ಕಿವಿಯನ್ನು ಅಷ್ಟಷ್ಟೇ ತಿಂದಿದ್ದವು.

ಹಾಡು ಮುಗಿಯುತ್ತಲೇ ನಾನು ಬಾಯಿ ತೆರೆದೆ. ನಾನು ಕಲಿತ ಮನೆಯಲ್ಲಿ ಶ್ರುತಿ ಬಿಟ್ಟರೆ ಅರ್ಧಕ್ಕೇ ನಿಲ್ಲಿಸಿ ಮುಖಕ್ಕೆ ಹೊಡೆದ ಹಾಗೆ ಹೇಳುತ್ತಿದ್ದರು. ಹೇಳದೆ ಬಿಟ್ಟರೆ ನಮ್ಮ ಆಸೆ ಬಿಟ್ಟಿದ್ದಾರೆ ಎಂದೇ ಅರ್ಥ. ಆದರೆ ಬೇಸಿನ ಹುಡುಗಿ ನನ್ನ ತೋಳು ಹಿಡಿದು, ನೀರು ಕುಡಿಯುವ ನೆಪದಲ್ಲಿ ಗೇಟಿನ ಹತ್ತಿರ ಕರೆದುಕೊಂಡು ಹೋದಳು.

“ನಿಮಗೂ ಕೇಳಿಸ್ತಾ?”

“ಕೇಳಿಸದೆ ಏನು? ನಿಮಗೆಲ್ಲ ಗೊತ್ತಾ?”

“ಗೊತ್ತು. ದಯವಿಟ್ಟು ಹೇಳ್ಬೇಡಿ. ಅವರು ನಮಗೆ ದೊಡ್ಡವರು. ದೊಡ್ಡವರಿಗೆ ಹಾಗೆಲ್ಲ ಹೇಳೋ ಪದ್ಧತಿ ಇಲ್ಲ ನಮ್ಮಲ್ಲಿ.”

ದೊಡ್ಡವರ ಮನಸ್ಸಿಗೆ ನಮ್ಮಿಂದ ಭಾರವಾಗಬಾರದು ಎಂಬ ಭಾವಕ್ಕೆ ಅವರಲ್ಲಿ ಒಂದು ಪದವೇ ಇದೆ. ಅರ್ಧ ಪ್ರೀತಿ, ಅರ್ಧ ಅಂಜಿಕೆ. ಅವಳು ಅದನ್ನು ವಿವರಿಸಲು ಒದ್ದಾಡುತ್ತಿದ್ದಳು. ನನಗೆ ವಿವರಣೆ ಬೇಕಿರಲಿಲ್ಲ. ನಮ್ಮ ದಾಕ್ಷಿಣ್ಯವೇ ಅದು. ದಾಕ್ಷಿಣ್ಯಕ್ಕೆ ಬಿದ್ದು ಬೇಡದ ಸೀರೆ ಕೊಂಡವರನ್ನು, ಬೇಡದ ಮದುವೆಯಾದವರನ್ನು ನೋಡಿದವಳು ನಾನು. ಆದರೂ ಅವಳ ಕಣ್ಣಿನಲ್ಲಿ ನೀರು ನೋಡಿ ತೆಪ್ಪಗಾದೆ.

ಮನೆಯಲ್ಲಿ ಹೇಳಿಕೊಂಡೆ. ನನ್ನ ಗಂಡ ಬ್ಯಾಂಕಿನವರು, ಎಲ್ಲದಕ್ಕೂ ಮುಂದೂಡುವ ದಾರಿ ಹುಡುಕುವವರು. “ಬಿಡು, ನೀನ್ಯಾಕೆ ಅವರ ಮನೆ ವಿಷಯದಲ್ಲಿ ತಲೆ ಹಾಕ್ತೀಯ. ಇವತ್ತಲ್ಲ ನಾಳೆ ಅವರೇ ನಿಲ್ಲಿಸ್ತಾರೆ” ಅಂದರು. ಹದಿನೈದರ ಮಗಳು ಫೋನಿನಿಂದ ತಲೆಯೆತ್ತದೆ, “ಅಮ್ಮ, ಜಸ್ಟ್ ಟೆಲ್ ಹಿಮ್” ಅಂದಳು. ಇಬ್ಬರ ಮೇಲೂ ರೇಗಿದೆ. ಕೊನೆಗೆ ನಡೆದುಕೊಂಡದ್ದು ಗಂಡ ಹೇಳಿದ ಹಾಗೆಯೇ.

ಸುಮ್ಮನಿದ್ದರೂ ಒಂದು ಮಾತಾಗಿತ್ತು. ನಾನು ಅದಕ್ಕಿಂತ ಕೆಟ್ಟದ್ದು ಮಾಡಿದೆ. ಅಣ್ಣ ಆ ಸಾಲಿಗೆ ಬರುತ್ತಲೇ ಪಕ್ಕದ ಹಿತ್ತಾಳೆಯ ಸಿಂಬಲ್ಲಿಗೆ ಜೋರಾಗಿ ಹೊಡೆಯತೊಡಗಿದೆ. ಆ ಝಣಝಣದಲ್ಲಿ ಸ್ವರ ಮುಚ್ಚಿಹೋಗುತ್ತಿತ್ತು. ಅಣ್ಣನಿಗೆ ಅದು ಭಾರಿ ಹಿಡಿಸಿತು. “ತಂಗಿ ಈ ಹಾಡಿಗೆ ಜೀವ ತುಂಬಿದಳು” ಎಂದು ಬಂದವರಿಗೆಲ್ಲ ಹೇಳುತ್ತಿದ್ದರು. ನಾನು ನಕ್ಕು ಬೇರೆ ಕಡೆ ನೋಡುತ್ತಿದ್ದೆ. ಹೀಗೆ ಎರಡು ವರ್ಷ.

ಹೋದ ಏಪ್ರಿಲ್‌ನಲ್ಲಿ ಥಾಯ್ ಹೊಸವರ್ಷದ ಕೂಟ. ಭಾನುವಾರ ಮಧ್ಯಾಹ್ನ, ಒಂದು ಕ್ಲಬ್ಬಿನ ಹುಲ್ಲುಹಾಸು, ಮಳೆಯ ಕಾಲವಾದ್ದರಿಂದ ಮೇಲೆ ಬಿಳಿ ಶಾಮಿಯಾನ. ನೂರಕ್ಕೂ ಮಿಕ್ಕಿ ಜನ. ಬೆಳಗಿನಿಂದ ಅಡುಗೆಯೂ ಅಣ್ಣನದೇ. ಏಪ್ರನ್ ಬಿಚ್ಚಿಟ್ಟು ಕಪ್ಪು ಅಂಗಿ ತೊಟ್ಟು ವೇದಿಕೆಗೆ ಬಂದರು. ಮೊದಲ ಐದು ಹಾಡು ಕೆಳದನಿಯವು, ಹೇಗೋ ದಾಟಿಕೊಂಡವು. ಕೊನೆಗೆ ನಮ್ಮ ಹಾಡು.

ಆ ಹಾಡಿಗೆ ಮುಂಚೆ ಗಿಟಾರಿನವನು ಗಿಟಾರು ಬದಲಿಸಿದ. ನಾನು ಅದಕ್ಕೆ ಗಮನ ಕೊಡಲಿಲ್ಲ. ಅಣ್ಣನಿಗೆ ಸುಲಭವಾಗಲಿ ಎಂದು ಅವನು ಯಾರಿಗೂ ಹೇಳದೆ ಇನ್ನೊಂದು ಗಿಟಾರನ್ನು ಅರ್ಧ ಮನೆ ಇಳಿಸಿ ಇಟ್ಟುಕೊಂಡಿದ್ದನಂತೆ. ಕೀಬೋರ್ಡಿನವನೂ ಅದೇ ಪುಣ್ಯಕಾರ್ಯವನ್ನು ಯಾರಿಗೂ ಹೇಳದೆ ಮಾಡಿದ್ದ. ಕೀಬೋರ್ಡಿನ ಒಂದು ಗುಂಡಿ ಒತ್ತಿ ಪೂರಾ ಒಂದು ಮನೆ ಇಳಿಸಿಕೊಂಡಿದ್ದ. ಹೆಂಡತಿಗೂ ಹೇಳಿರಲಿಲ್ಲ. ಅವಳು ಬೇಸನ್ನು ಹಳೆಯ ಶ್ರುತಿಯಲ್ಲೇ ಇಟ್ಟುಕೊಂಡು, ಅಣ್ಣನಿಗೆ ಗೊಂದಲವಾಗದಿರಲಿ ಎಂದು ಅವರಿಗೆ ವಾದ್ಯ ಕೇಳಿಸಲೆಂದು ಮುಂದೆ ಇಟ್ಟ ಸ್ಪೀಕರಿನ ದನಿ ತಗ್ಗಿಸಿದ್ದಳು. ಒಬ್ಬೊಬ್ಬರದೂ ದಾಕ್ಷಿಣ್ಯ, ಒಬ್ಬೊಬ್ಬರದೂ ಗುಟ್ಟು. ನಾನು ಒಂದು ಎರಡು ಮೂರು ನಾಲ್ಕು ಎಣಿಸಿದೆ, ಮೂರು ವಾದ್ಯಗಳು ಮೂರು ಶ್ರುತಿಯಲ್ಲಿ ಒಟ್ಟಿಗೆ ಎದ್ದವು.

ಅಂಥ ಸದ್ದನ್ನು ನಾನು ಜನ್ಮದಲ್ಲಿ ಕೇಳಿರಲಿಲ್ಲ. ಮುಂದಿನ ಸಾಲಿನಲ್ಲಿದ್ದ ಮಗುವೊಂದು ಕಿವಿ ಮುಚ್ಚಿಕೊಂಡು ಕಿಲಕಿಲ ನಕ್ಕಿತು. ಅಣ್ಣ ಎರಡು ಸಾಲು ಹಾಡಿದರು. ಯಾರನ್ನು ಹಿಡಿದುಕೊಳ್ಳುವುದು ಎಂದು ತಿಳಿಯದೆ ದನಿ ಆ ಕಡೆ ಈ ಕಡೆ ತಡಕಾಡಿತು. ಆಮೇಲೆ ಕೈಯೆತ್ತಿ ನಿಲ್ಲಿಸಿದರು.

ಅವರು ಆ ಮೂವರನ್ನು ನೋಡಲಿಲ್ಲ. ಮೈಕನ್ನು ಕೆಳಗೆ ಹಿಡಿದು ನೇರ ನನ್ನ ಹತ್ತಿರ ಬಂದು ಬಗ್ಗಿದರು. “ತಂಗಿ, ನಾನು ತಪ್ಪಿದೆನಾ?”

ಅವರ ಬೆನ್ನ ಹಿಂದೆ ಬೇಸಿನ ಹುಡುಗಿ ಬೇಡ ಬೇಡ ಎಂದು ತಲೆ ಅಲ್ಲಾಡಿಸುತ್ತಿದ್ದಳು. ನನಗೆ ತಪ್ಪಿಸಿಕೊಳ್ಳಲು ಸುಲಭದ ದಾರಿಯೂ ಇತ್ತು. ಇವತ್ತು ತಪ್ಪಿದ್ದು ಅವರಲ್ಲವೇ ಅಲ್ಲ, ವಾದ್ಯದವರು. ‘ಇಲ್ಲ ಅಣ್ಣ, ಇವರೇ ಕೆಡಿಸಿದರು’ ಎಂದಿದ್ದರೆ ಅದು ನಿಜವೇ ಆಗುತ್ತಿತ್ತು, ಎಲ್ಲರೂ ನಕ್ಕು ಮತ್ತೆ ಶುರು ಮಾಡುತ್ತಿದ್ದೆವು. ಹೇಳಲು ಹೊರಟದ್ದೂ ಅದನ್ನೇ. ಆದರೆ ಅವರ ಮುಖ ತೀರಾ ಹತ್ತಿರ ಇತ್ತು. ನಾನು ಏನು ಹೇಳಿದರೂ ನಂಬುವ ಮುಖ ಅದು. ಎರಡು ವರ್ಷ ಆ ಸಿಂಬಲ್ಲಿಗೆ ಹೊಡೆದ ನನ್ನ ಕೈಯ ಮೇಲೆ ನನಗೇ ಹೇಸಿಗೆಯಾಯಿತು.

“ಈಗ ತಪ್ಪಿದ್ದು ಅವರು, ಅಣ್ಣ. ಆದರೆ ನೀವು ತಪ್ಪುತ್ತಿದ್ದೀರಿ. ಅದನ್ನು ಮುಚ್ಚೋಕೆ ಹೋಗಿ ಅವರು ತಪ್ಪಿದ್ದು. ನಿಮ್ಮ ಕಿವಿಗೆ ಮೇಲಿನ ಸ್ವರ ಸರಿಯಾಗಿ ಕೇಳಿಸ್ತಿಲ್ಲ.”

ಅಣ್ಣ ನೆಟ್ಟಗಾಗಿ ಆ ಮೂವರಿಗೆ ಥಾಯ್‌ನಲ್ಲಿ ಏನೋ ಚಿಕ್ಕದಾಗಿ ಹೇಳಿದರು. ಅವರು ತಲೆ ತಗ್ಗಿಸಿ ತಮ್ಮ ತಮ್ಮ ವಾದ್ಯದ ವೈರು ಕಿತ್ತರು. ನನಗೆ, “ನೀನು ಬಾರಿಸು” ಅಂದರು.

ಡ್ರಮ್ಮಿನ ಜೊತೆ ಒಂಟಿ ದನಿ, ಪೂರ್ತಿ ಹಾಡು. ಪಕ್ಕದಲ್ಲಿ ಹೋಲಿಸಲು ಯಾವ ಸ್ವರವೂ ಇಲ್ಲದ್ದರಿಂದ ಅವರು ಎಲ್ಲಿ ನಿಂತರೋ ಅದೇ ಷಡ್ಜವಾಯಿತು. ಆ ಸಾಲು ಬಂದಾಗ ನಾನು ಸಿಂಬಲ್ ಮುಟ್ಟಲಿಲ್ಲ. ದನಿ ಹಾರಿತು, ಹಳೆಯ ಎತ್ತರಕ್ಕಲ್ಲ, ಅಷ್ಟು ಎತ್ತರಕ್ಕೆ ಹಾರಲಾಗದು ಎಂದು ಗೊತ್ತಿರುವವನು ಹಾರುವ ಹಾಗೆ. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನು ಅತ್ತೆ. ಮನಸ್ಸು ತುಂಬಿ ಬಂದು ಅಲ್ಲ, ನಾಚಿಕೆಯಿಂದ.

ಊಟವಾದ ಮೇಲೆ ಕ್ಲಬ್ಬಿನ ಹಿತ್ತಲ ನಲ್ಲಿಯ ಹತ್ತಿರ ಅಣ್ಣ ತಮ್ಮ ದೊಡ್ಡ ಬಾಣಲೆಗಳನ್ನು ತಾವೇ ತೊಳೆಯುತ್ತ ಕೂತಿದ್ದರು. ಅದನ್ನು ಬೇರೆಯವರಿಗೆ ಬಿಡುತ್ತಿರಲಿಲ್ಲ. ನಾನು ಹೋಗಿ ಪಕ್ಕದಲ್ಲಿ ಕೂತು ತೊಳೆದದ್ದನ್ನು ಒರೆಸತೊಡಗಿದೆ.

“ಎಷ್ಟು ದಿನದಿಂದ ಗೊತ್ತಿತ್ತು?”

“ಎರಡು ವರ್ಷ.”

“ಎಲ್ಲರಿಗೂ?”

“ಎಲ್ಲರಿಗೂ, ಅಣ್ಣ.”

ಅವರು ಬಾಣಲೆಯನ್ನು ಇನ್ನೊಮ್ಮೆ ತೊಳೆದರು. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು, ಸಿಟ್ಟಿನ ಜೊತೆ ಹೇಗಿರಬೇಕೆಂದು ನನಗೆ ಗೊತ್ತು. ಅವರು ಮೆಲ್ಲಗೆ ಹೇಳಿದರು, “ಎರಡು ವರ್ಷ ನೀವು ನಾಲ್ಕೂ ಜನ ಸೇರಿ ಒಬ್ಬ ರೋಗಿಯನ್ನ ನೋಡಿಕೊಂಡಿರಿ. ನಾನು ಬ್ಯಾಂಡಿನಲ್ಲಿ ಇದ್ದೀನಿ ಅಂದ್ಕೊಂಡಿದ್ದೆ.”

ಒಳ್ಳೆಯದು ಮಾಡುತ್ತಿದ್ದೇವೆ ಎಂದುಕೊಂಡೇ ನಾವು ಆ ಮನುಷ್ಯನನ್ನು ಅವರದೇ ಬ್ಯಾಂಡಿನಿಂದ ಹೊರಗೆ ಕೂರಿಸಿದ್ದೆವು.

ಮೂರು ಗುರುವಾರ ಅಭ್ಯಾಸ ನಡೆಯಲಿಲ್ಲ. ಬ್ಯಾಂಡು ಮುಗಿಯಿತು ಎಂದೇ ತಿಳಿದಿದ್ದೆ. ಮುಗಿಸಿದವಳು ನಾನೇ ಎಂದು ಗೋದಾಮಿನಲ್ಲಿ ಕಂಡಕಂಡವರ ಮೇಲೆ ಹರಿಹಾಯುತ್ತಿದ್ದೆ. ನಾಲ್ಕನೆಯ ವಾರ ಅಣ್ಣನೇ ಮೆಸೇಜು ಕಳಿಸಿದರು, ಬನ್ನಿ ಎಂದು.

ಹೋದಾಗ ಅವರ ಬಲಗಿವಿಯಲ್ಲಿ ಒಂದು ಪುಟ್ಟ ಯಂತ್ರ ಇತ್ತು. ಮಾತು ಚೆನ್ನಾಗಿ ಕೇಳಿಸುತ್ತದೆ, ಹಾಡಿಗೆ ಭರವಸೆ ಇಲ್ಲ ಎಂದು ಡಾಕ್ಟರು ಹೇಳಿದ್ದರಂತೆ. ಎಲ್ಲರ ಎದುರಿಗೇ ಹಾಡನ್ನು ಒಂದು ಮನೆ ಇಳಿಸಲು ಹೇಳಿದರು. ಮೂವರೂ ಒಟ್ಟಿಗೆ ಇಳಿಸಿಕೊಂಡರು. ಅಣ್ಣ ಹಾಡಿದರು, ಆ ಸಾಲಿನವರೆಗೆ ಬಂದು ನಿಲ್ಲಿಸಿದರು. ನಾನು ಹೇಳಲು ಸಿದ್ಧವಾಗಿ ಕೂತಿದ್ದೆ. ಅವರು ನನ್ನನ್ನು ಕೇಳಲಿಲ್ಲ. ಬೇಸಿನ ಹುಡುಗಿಯ ಕಡೆ ತಿರುಗಿ, ನನಗೂ ತಿಳಿಯಲಿ ಎಂದು ಇಂಗ್ಲಿಷಿನಲ್ಲಿ ಕೇಳಿದರು, “ನೀನು ಹೇಳು. ಸರಿ ಇತ್ತಾ?”

ಅವಳು ಗಂಡನನ್ನು ನೋಡಿದಳು. ಅವನು ಕೀಬೋರ್ಡು ನೋಡುತ್ತಿದ್ದ. ನನ್ನನ್ನು ನೋಡಿದಳು. ನನ್ನ ನಾಲಿಗೆಯ ತುದಿಗೆ ಬಂದ ಮಾತನ್ನು, ದಾಕ್ಷಿಣ್ಯಕ್ಕಲ್ಲ, ಜೀವಮಾನದಲ್ಲಿ ಮೊದಲ ಸಲ ಬೇಕೆಂದೇ ನುಂಗಿದೆ. ಅವಳು ಎರಡೂ ಕೈ ಜೋಡಿಸಿದಳು, ಹಣೆಯವರೆಗೆ ಎತ್ತಿದಳು, ಕಣ್ಣಿಂದ ನೀರು ಇಳಿಯುತ್ತಿತ್ತು. ಹಾಗೆ ಕೈಮುಗಿದುಕೊಂಡೇ ಹೇಳಿದಳು.

“ಇಲ್ಲ, ಅಣ್ಣ. ಇನ್ನೂ ಸ್ವಲ್ಪ ಕೆಳಗಿದೆ.”

ಅಣ್ಣ ತಲೆಯಾಡಿಸಿ ಹಾಡನ್ನು ಮೊದಲಿನಿಂದ ಎತ್ತಿಕೊಂಡರು.